ಚಂಡಿ ಪೊರೆ ಬಿಟ್ಟ ಭಾನುವಾರ

ಕೆಂಗೇರಿ ಉಪನಗರದ ಆ ಬೀದಿಯಲ್ಲಿ ಸಿದ್ದೇಶನ ಕೈಗೆ ಹೆದರದವರು ಕಡಿಮೆ. ತನ್ನ ಕೋಳಿ ಅಂಗಡಿಗೆ ಅಡ್ಡವಾಗಿ ಬೈಕ್ ನಿಲ್ಲಿಸಿದ ಒಬ್ಬನ ದವಡೆ ಮುರಿದು, ಸ್ಟೇಷನ್ನಿನಲ್ಲಿ ಮುಚ್ಚಳಿಕೆ ಬರೆದುಕೊಟ್ಟು ಬಂದಿದ್ದ. “ಇನ್ನೊಂದ್ ಸಲ ಯಾರ ಮೇಲಾದ್ರೂ ಕೈ ಎತ್ತಿದ್ಯೋ, ಒಳಗೇ” ಎಂದು ಇನ್ಸ್‌ಪೆಕ್ಟರ್ ಹೇಳಿ ಕಳಿಸಿದ್ದರು. ಅಂದಿನಿಂದ ಮಗ ಮೆಟ್ಟಿಲಿಳಿದಾಗಲೆಲ್ಲ ತಾಯಿ ಮುನಿತಾಯಮ್ಮನಿಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಆ ಕೈ ಮೆತ್ತಗಾಗುತ್ತಿದ್ದುದು ಚಂಡಿಯ ಮುಂದೆ ಮಾತ್ರ. ಚಂಡಿ ಅಂಗೈಯಗಲದ ಜೇಡ, ಮೈತುಂಬ ಕೂದಲಿನ ಟರಾಂಟುಲಾ. ಉಲ್ಲಾಳದ ಹಾಸ್ಟೆಲ್ಲಿನಲ್ಲಿದ್ದ ಗಿರಾಕಿಯೊಬ್ಬ ಓದು ಮುಗಿಸಿ ಊರಿಗೆ ಹೊರಟಾಗ ಗಾಜಿನ ಪೆಟ್ಟಿಗೆ ಸಮೇತ ಕೊಟ್ಟುಹೋಗಿದ್ದ. ಬೆಳಗ್ಗೆಯೆಲ್ಲ ಕೋಳಿಯ ಕತ್ತು ಕುಯ್ದು ಬಂದವನು ಕೈಗೆ ಎರಡೆರಡು ಸಲ ಸೋಪು ಹಚ್ಚಿ ತೊಳೆದು, ಬಾಟಲಿಯ ಮುಚ್ಚಳದಲ್ಲಿ ಅವಳಿಗೆ ನೀರಿಡುತ್ತಿದ್ದ.

ಕೆಲವು ವಾರಗಳಿಂದ ಚಂಡಿ ತೆಂಗಿನ ಕರಟದೊಳಗೆ ಹೊಕ್ಕು, ಅದರ ಬಾಯಿಗೆ ಬಲೆ ನೇಯ್ದುಕೊಂಡು ಕೂತುಬಿಟ್ಟಿದ್ದಳು. ಮಿಡತೆ ಬಿಟ್ಟರೂ ಮೂಸುತ್ತಿರಲಿಲ್ಲ. ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ ಓದುತ್ತಿದ್ದ ತಂಗಿ ಧನ್ಯಶ್ರೀ ಫೋನಿನಲ್ಲಿ ವಿಡಿಯೋ ಹುಡುಕಿ ನೋಡಿದಳು.

“ಅಣ್ಣ, ಪೊರೆ ಬಿಡೋ ಮುಂಚೆ ಹಿಂಗೇ ಅವಿತ್ಕೋತವಂತೆ. ಊಟ ಬಿಡ್ತವಂತೆ. ಆ ಮಿಡತೆ ತೆಗಿ. ಅವಳ ಮೈ ಮೆತ್ತಗಿರೋವಾಗ ಮಿಡತೆನೇ ಅವಳನ್ನ ಕಚ್ಚಿ ತಿನ್ನುತ್ತೆ.”

“ಪೊರೆ ಬಿಡಕ್ಕೆ ಹಾವೇನೇ ಅವಳು?” ಎಂದು ಸಿದ್ದೇಶ ನಕ್ಕ. ಆದರೂ ಮಿಡತೆಯನ್ನು ತೆಗೆದ. ವಿಡಿಯೋ ತೋರಿಸಲು ಹೋದರೆ, “ನೀನ್ ನೋಡಿದ್ಯಲ್ಲ, ಸಾಕು” ಎಂದ.

ಅವರ ಮನೆಯ ಕೆಳಗಿನ ಮಳಿಗೆಯಲ್ಲಿ ಸುಬ್ರಮಣಿಯ ನೀರಿನ ಕ್ಯಾನ್ ಅಂಗಡಿ, ಅದರ ಹಿಂದೆಯೇ ಅವನ ಮನೆ. ಹೆಂಡತಿ ರಾಗಿಣಿ ತುಂಬು ಬಸುರಿ. “ಆ ಹುಳ ಏನಾದ್ರೂ ಮೆಟ್ಲಿಳಿದು ಬಂತೋ, ಸ್ಪ್ರೇ ಹೊಡ್ದು ಸಾಯಿಸ್ತೀನಿ ಗುರು” ಎಂದು ಅವನು ಸಿದ್ದೇಶನಿಗೆ ಬೀದಿಯಲ್ಲೇ ಹೇಳಿದ್ದ. ಆದರೆ ಮುನಿತಾಯಮ್ಮನ ಮಂಡಿನೋವು ನೋಡಿ, ಕೇಳದಿದ್ದರೂ ಮೇಲಿನ ಮನೆಯ ಕ್ಯಾನನ್ನು ತಾನೇ ಹೊತ್ತು ತಂದು ಅಡುಗೆಮನೆಯೊಳಗೆ ಇಟ್ಟುಹೋಗುತ್ತಿದ್ದವನೂ ಅವನೇ.

ಆ ಭಾನುವಾರ ಬೆಳಗ್ಗೆ ಸುಬ್ರಮಣಿ ಮೆಟ್ಟಿಲ ಕೆಳಗಿನ ಮೋರಿಗೆ ಜಿರಳೆ ಸ್ಪ್ರೇ ಹೊಡೆದ. ವಾಸನೆ ಮೇಲಿನ ಮನೆಯವರೆಗೂ ಏರಿತು. ಧನ್ಯಶ್ರೀ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಕೋಳಿ ಅಂಗಡಿಯಲ್ಲಿ ಜನ ಸಾಲುಗಟ್ಟಿದ್ದರು. ಕತ್ತಿ ಮೊಂಡಾಯಿತೆಂದು ಸಾಣೆಕಲ್ಲು ಒಯ್ಯಲು ಸಿದ್ದೇಶ ಕತ್ತಿ ಹಿಡಿದೇ ಮನೆಗೆ ಬಂದ.

ಗಾಜಿನ ಪೆಟ್ಟಿಗೆಯಲ್ಲಿ ಚಂಡಿ ಕರಟದಿಂದ ಹೊರಗೆ ಬಂದು, ಬೆನ್ನು ಕೆಳಗಾಗಿ ಬಿದ್ದಿದ್ದಳು. ಎಂಟೂ ಕಾಲು ಮೇಲೆ. ಮುನಿತಾಯಮ್ಮ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಸತ್ತ ಜೀವ ಬಾಯಾರಿ ಹೋಗಬಾರದೆಂದು ಬಟ್ಟಲಲ್ಲಿ ತುಳಸಿ ನೀರು ತಂದಿಟ್ಟುಕೊಂಡಿದ್ದಳು.

“ಹೋಗ್ಬುಡ್ತು ಕಣೋ ಸಿದ್ದು. ಪಾಪ, ಹೊಟ್ಟೆಗೂ ಏನೂ ತಿನ್ನಲಿಲ್ಲ.”

ಹುಟ್ಟಿದಾಗಿನಿಂದ ಕೋಳಿಗಳ ನಡುವೆ ಬೆಳೆದವನು ಸಿದ್ದೇಶ. ಅಂಗಾತ ಬಿದ್ದು ಕಾಲು ಮೇಲೆ ಮಾಡಿದ್ದು ಸತ್ತದ್ದು. ಅವನ ಮನೆಯಲ್ಲಿ ಅದನ್ನು ಎರಡನೇ ಸಲ ಯಾರೂ ನೋಡುತ್ತಿರಲಿಲ್ಲ. ಅವನು ಗಾಳಿ ಮೂಸಿದ. ಸ್ಪ್ರೇ ವಾಸನೆ.

“ಸುಬ್ರಮಣಿ” ಎಂದ, ಮೆಲ್ಲಗೆ.

ತಾಯಿಯ ಕಿರುಚಾಟ ಕೇಳಿ ಧನ್ಯಶ್ರೀ ಇಳಿದು ಬಂದಾಗ ಅಣ್ಣ ಕತ್ತಿ ಹಿಡಿದೇ ಅರ್ಧ ಮೆಟ್ಟಿಲಿಳಿದಿದ್ದ. ಅವಳು ಪೆಟ್ಟಿಗೆ ನೋಡಿದಳು. ಮೈ ಕೆಳಗೆ ಹಾಸಿದಂತೆ ಬಿಳಿ ಬಲೆ, ಅಗಲಿಸಿದ ಕಾಲುಗಳು. ಸಾಯುವ ಜೇಡ ಕಾಲನ್ನು ಮುಷ್ಟಿಯಂತೆ ಹೊಟ್ಟೆಯಡಿ ಮಡಿಚುತ್ತದೆಂದು ವಿಡಿಯೋದಲ್ಲಿ ನೋಡಿದ್ದಳು. ತಾಯಿಯ ಕೈಯಿಂದ ಬಟ್ಟಲು ಕಿತ್ತು ದೂರ ಇಟ್ಟಳು.

“ಮುಟ್ಬೇಡಮ್ಮ, ಬದುಕೈತೆ ಅದು! ಅಣ್ಣಾ! ಪೊರೆ ಬಿಡ್ತಾವ್ಳೆ ಕಣೋ! ಸತ್ತಿಲ್ಲ!”

ಅವಳು ಕೆಳಗೆ ತಲುಪುವಷ್ಟರಲ್ಲಿ ಸಿದ್ದೇಶ ಸುಬ್ರಮಣಿಯನ್ನು ಕಾಲರ್ ಹಿಡಿದು ಕ್ಯಾನುಗಳ ಮೇಲೆ ಎಸೆದಿದ್ದ. ಕ್ಯಾನುಗಳು ಉರುಳಿ ಒಡೆದು ಅಂಗಡಿಯೆಲ್ಲ ನೀರು.

“ನಾನೇನ್ ಮಾಡ್ದೆ ಗುರು? ಮೋರಿಗ್ ಹೊಡ್ದೆ ಅಷ್ಟೇ!”

“ಮೋರಿಗಾ? ಮೋರಿಗೇನೋ ಲೇ?”

ಮುಷ್ಟಿ ಬಾಯಿಗೆ ಬಿತ್ತು, ಮತ್ತೆ ಮೂಗಿಗೆ. ತುಂಬಿದ ಕ್ಯಾನೊಂದನ್ನು ಒಂದೇ ಕೈಯಲ್ಲಿ ಎತ್ತಿ ಎದೆಯ ಮೇಲೆ ಹಾಕಿದ. ಉಸಿರು ಸಿಕ್ಕಿಕೊಂಡ ಸದ್ದು ಬೀದಿಗೆ ಕೇಳಿಸಿತು. ಕೋಳಿಗೆಂದು ನಿಂತಿದ್ದ ಗಿರಾಕಿಗಳು ಓಡಿ ಬಂದರು, ಕತ್ತಿ ಕಂಡು ಅಲ್ಲೇ ನಿಂತರು. ಧನ್ಯಶ್ರೀ ಅಣ್ಣನ ತೋಳಿಗೆ ಜೋತುಬಿದ್ದಳು. ಅವನು ಕೊಡವಿದ; ಅವಳ ಹಣೆ ಶೆಟರ್ ಅಂಚಿಗೆ ಬಡಿಯಿತು.

“ಮೇಲ್ ಬಂದು ನೋಡೋ! ಸತ್ತಿದ್ರೆ ಇವನ್ನ ನಾನೇ ಹಿಡ್ಕೊಡ್ತೀನಿ! ಒಂದ್ ಸಲ ನೋಡೋ!”

ಕತ್ತಿ ಎದ್ದಿತ್ತು. ಸುಬ್ರಮಣಿ ಮುಖಕ್ಕೆ ಎಡಗೈ ಅಡ್ಡ ಹಿಡಿದ. ಮೂಳೆ ಕಡಿಯುವುದರಲ್ಲಿ ನುರಿತ ಕೈ, ಒಂದೇ ಏಟು. ಎರಡು ಬೆರಳು ನೀರಿನಲ್ಲಿ ಬಿದ್ದವು. ಸುಬ್ರಮಣಿ ಮೊದಲು ಕೈಯನ್ನೇ ನೋಡಿದ. ಆಮೇಲೆ ಕೂಗಿದ. ಒಳಗಿನಿಂದ ಬಂದ ರಾಗಿಣಿ ಬಾಗಿಲಲ್ಲೇ ಕುಸಿದಳು. ಯಾರೋ ಗಿರಾಕಿ, ಮುಖಪರಿಚಯವೂ ಇಲ್ಲದ ಹೆಂಗಸು, ಅವಳ ತಲೆ ನೆಲಕ್ಕೆ ತಾಗದಂತೆ ಮಡಿಲೊಡ್ಡಿದಳು.

ಕತ್ತಿ ಮತ್ತೆ ಎದ್ದಾಗ ಮೇಲಿನ ಕಿಟಕಿಯಿಂದ ಮುನಿತಾಯಮ್ಮನ ದನಿ.

“ಸಿದ್ದೂ! ಕಾಲ್ ಅಲ್ಲಾಡ್ತೈತೆ ಕಣೋ! ಚಂಡಿ ಕಾಲ್ ಅಲ್ಲಾಡ್ತೈತೆ!”

ಕತ್ತಿ ಮೇಲೆಯೇ ನಿಂತಿತು. ಸಿದ್ದೇಶ ಕಿಟಕಿಯ ಕಡೆ ನೋಡಿದ, ಕೆಳಗೆ ಬಿದ್ದವನನ್ನು ನೋಡಿದ. ಕತ್ತಿಯನ್ನು ನೀರಿಗೆ ಬಿಟ್ಟು ಮೆಟ್ಟಿಲು ಹತ್ತಿ ಹೋದ. ಯಾರೂ ತಡೆಯಲಿಲ್ಲ.

ಧನ್ಯಶ್ರೀ ತನ್ನ ದುಪಟ್ಟಾ ಹರಿದು ಸುಬ್ರಮಣಿಯ ಕೈಗೆ ಬಿಗಿದಳು. ಬೆರಳುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕೋಳಿ ಅಂಗಡಿಯ ಐಸಿನಲ್ಲಿ ಇಟ್ಟುಕೊಂಡಳು. ಆಟೋದವನು ಸೀಟಿಗೆ ರಕ್ತವಾಗುತ್ತದೆಂದು ಒಂದು ಮಾತೂ ಆಡದೆ ಮೈಸೂರು ರಸ್ತೆಯಲ್ಲಿ ಹಾರ್ನ್ ಒತ್ತಿಯೇ ಓಡಿಸಿದ.

ಆಸ್ಪತ್ರೆಯಲ್ಲಿ ಸುಬ್ರಮಣಿಯನ್ನು ಆಪರೇಷನ್ನಿಗೆ ಒಯ್ಯುವ ಮುಂಚೆ ಮಹಿಳಾ ಪೊಲೀಸ್ ಎಎಸ್‌ಐ ಒಬ್ಬರು ಬಂದರು. ಇನ್ನೊಂದು ಆಟೋದಲ್ಲಿ ರಾಗಿಣಿಯನ್ನು ಕರೆತಂದಿದ್ದ ಮುನಿತಾಯಮ್ಮ ಮಗಳನ್ನು ಸ್ಟ್ರೆಚರ್ ಪಕ್ಕದ ಮೂಲೆಗೆ ಎಳೆದಳು.

“ಕೈ ಮೇಲೆ ಶೆಟರ್ ಬಿತ್ತು ಅನ್ನು ಕಣಮ್ಮಿ. ನಿನ್ ಕಾಲ್ ಹಿಡಿತೀನಿ. ಈ ಸಲ ಪೊಲೀಸ್ನೋರು ಬಿಡಲ್ಲ ಅವ್ನನ್ನ.”

“ಬೀದಿಯೆಲ್ಲ ನೋಡೈತಲ್ಲಮ್ಮ.”

“ಬೀದಿ ಬಾಯಿ ಬಿಡಲ್ಲ. ಹೆದರ್ತಾರೆ.”

ಅದು ನಿಜವೆಂದು ಧನ್ಯಶ್ರೀಗೂ ಗೊತ್ತಿತ್ತು.

ಎಎಸ್‌ಐ ಸ್ಟ್ರೆಚರಿಗೆ ಬಗ್ಗಿದರು. “ಏನಾಯ್ತಪ್ಪ? ಯಾರು ಮಾಡಿದ್ದು?”

ಸುಬ್ರಮಣಿ ಊದಿದ ಕಣ್ಣು ತೆರೆದು ಮುನಿತಾಯಮ್ಮನನ್ನು ನೋಡಿದ. ಅವಳ ಕೈ ಮುಗಿದೇ ಇತ್ತು.

“ಶೆಟರ್ ಬಿತ್ತು ಮೇಡಂ” ಎಂದ. ಮುರಿದ ಹಲ್ಲಿನ ಸಂದಿಯಿಂದ ಮಾತು ಸೋರುತ್ತಿತ್ತು. “ಅವ್ನು ಒಳಗೋದ್ರೆ ಆಯಮ್ಮ ತಡ್ಕೊಳ್ಳಲ್ಲ” ಎಂದು ಧನ್ಯಶ್ರೀಗೆ ಮಾತ್ರ ಕೇಳುವಂತೆ ಹೇಳಿದ.

ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, ನಾಳೆಯೂ ಆ ಮೆಟ್ಟಿಲ ಕೆಳಗೇ ಬಾಳಬೇಕಾದ ರಾಗಿಣಿ ನೆಲ ನೋಡುತ್ತ ಕೂತಿದ್ದಳು.

“ಶೆಟರಾ?” ಎಎಸ್‌ಐ ಧನ್ಯಶ್ರೀಯ ಹಣೆಯ ಗಾಯ ನೋಡಿದರು. “ನಿಂಗೂ ಶೆಟರೇನಮ್ಮ?”

“ನಂಗೆ ಶೆಟರೇ ಮೇಡಂ. ಅವರಿಗಲ್ಲ. ನಮ್ಮಣ್ಣ ಸಿದ್ದೇಶ ಕಡಿದಿದ್ದು. ನನ್ನನ್ನ ಶೆಟರಿಗೆ ತಳ್ಳಿದ್ದೂ ಅವನೇ.”

ಮುನಿತಾಯಮ್ಮ ಮಗಳ ಕೆನ್ನೆಗೆ ಹೊಡೆದಳು. ಇನ್ನೊಮ್ಮೆ ಎತ್ತಿದ ಕೈಯನ್ನು ಎಎಸ್‌ಐ ಹಿಡಿದರು. ಗದರಲಿಲ್ಲ, ಮುದುಕಿಯನ್ನು ಮೆಲ್ಲಗೆ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಫೋನ್ ತೆಗೆದು ಸ್ಟೇಷನ್ನಿಗೆ ಮನೆಯ ಗುರುತು ಹೇಳತೊಡಗಿದರು.

“ಮೇಡಂ, ಒಂದ್ ಮಾತು” ಎಂದಳು ಧನ್ಯಶ್ರೀ. “ಅವನು ಓಡಿಹೋಗಿರಲ್ಲ. ಗಾಜಿನ ಪೆಟ್ಟಿಗೆ ಮುಂದೆ ಕೂತಿರ್ತಾನೆ. ಅದರಲ್ಲಿ ಜೇಡ ಇದೆ, ಪೊರೆ ಬಿಡ್ತಾ ಇದೆ. ಅದು ಪೂರ್ತಿ ಹೊರಗ್ ಬರೋವರೆಗೂ ಪೆಟ್ಟಿಗೆ ಮುಟ್ಬೇಡಿ ಅಂತ ನಿಮ್ಮವ್ರಿಗೆ ಹೇಳಿ. ಕಾದ್ರೆ ಅಣ್ಣ ತಾನಾಗೇ ಎದ್ದು ಬರ್ತಾನೆ. ಮುಟ್ಟಿದ್ರೆ, ಇನ್ನೊಬ್ಬರ ಕೈ ಹೋಗುತ್ತೆ.”