ಹುಳದ ಶೆಡ್ಡಿಗೆ ಕಟ್ಟಿದ ಪ್ಲಾಸ್ಟಿಕ್ಕು

ನಾನೊಂದು ಪ್ಲಾಸ್ಟಿಕ್ ಹಾಳೆ. ಮೂಗು ಮುರಿಯಬೇಡಿ, ಹುಟ್ಟಿದಾಗ ನಾನೂ ಗಾಜಿನಷ್ಟು ತಿಳಿಯಾಗಿದ್ದೆ. ಕಾರ್ಖಾನೆಯ ಬಿಸಿಯಿಂದ ಹೊರಬಂದ ನನ್ನನ್ನು ಸುರುಳಿ ಸುತ್ತಿ ಚಿಂತಾಮಣಿಯ ಅಂಗಡಿಯೊಂದರ ಮೂಲೆಯಲ್ಲಿ ನಿಲ್ಲಿಸಿದರು. ಮೋಡ ಕವಿದ ಒಂದು ದಿನ ನನ್ನನ್ನು ಕತ್ತರಿಸಿಕೊಂಡು ಹೋದವಳು ಸುಗುಣ, ರೇಷ್ಮೆ ಬೆಳೆಯುವ ಮನೆಯ ಸೊಸೆ.

ಆ ಮನೆಯಲ್ಲಿ ಹುಳುವಿನ ಯಜಮಾನಿಕೆಯೆಲ್ಲ ಅತ್ತೆ ಮುನಿಲಕ್ಷ್ಮಮ್ಮನದು. ಸೊಸೆಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುವುದಷ್ಟೇ ಕೆಲಸ. ಮಗಳ ಬಾಣಂತನಕ್ಕೆ ಹೊರಟಾಗ ಅತ್ತೆ, "ಈ ಬೆಳೆ ನಿಂದೇ ಕಣಮ್ಮಾ. ಗೂಡು ಚೆನ್ನಾಗಿ ಬಂದ್ರೆ ಇನ್ಮೇಲೆ ಹುಳದ ಮನೆ ನೀನೇ ನೋಡ್ಕೋ" ಎಂದಿದ್ದಳಂತೆ. ಸುಗುಣಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಹುಳುಗಳು ಬಲಿತು ಹಣ್ಣಾದವು. ಗೂಡು ಕಟ್ಟಲೆಂದು ಅವನ್ನು ಚಂದ್ರಿಕೆ ಎನ್ನುವ ಅಗಲವಾದ ಬಿದಿರಿನ ತಟ್ಟಿಗಳ ಮೇಲೆ ಬಿಟ್ಟು, ಸುತ್ತಲೂ ತೆರೆದಿದ್ದ ಹಿತ್ತಿಲ ಶೆಡ್ಡಿನಲ್ಲಿ ನಿಲ್ಲಿಸಿದಳು. ಅಷ್ಟರಲ್ಲಿ ಜಡಿಮಳೆ ಹಿಡಿಯಿತು. ಎರಚಲು ಕಂಡು ಅವಳು ಒಳಗೆ ಓಡಿದಳು. ನನ್ನನ್ನು ತಂದು ಸುತ್ತಲೂ ಬಿಗಿದಳು, ಅಂಚಿನ ಮೇಲೆ ಕಲ್ಲು ಹೇರಿದಳು, ಉಳಿದ ಸಂದಿಗೆ ಗೋಣಿಚೀಲ ತುರುಕಿದಳು.

ಪಕ್ಕದ ಮನೆಯ ನಾರಾಯಣಮ್ಮ ಕೊಡೆ ಹಿಡಿದು ಬಂದಳು. ಹುಳವಿದ್ದ ಕಡೆ ಹೊರಗಿನವರು ಕಾಲಿಡಬಾರದಲ್ಲ, ಅದಕ್ಕೇ ದೂರದಲ್ಲೇ ನಿಂತಳು.

"ಗಾಳಿ ಆಡ್ತೈತೇನೇ ಸುಗುಣಾ?"

"ಗಾಳಿ ಯಾಕಕ್ಕಾ, ಚಳಿ ಆಗಲ್ವಾ? ಮರಿ ಹುಳ ಇದ್ದಾಗ ಅತ್ತೇನೇ ಪ್ಲಾಸ್ಟಿಕ್ ಹೊದಿಸ್ತಿದ್ರು."

"ಅದು ಮರಿಗೆ, ಸೊಪ್ಪು ಬಾಡಬಾರ್ದು ಅಂತ ಕಣೇ. ಇದು ಹಣ್ಣು ಹುಳ. ಒಂದು ಕಡೆ ಎತ್ತಿ ಕಟ್ಟು."

"ಎರಚಲು ಹೊಡೆದು ಬೆಳೆ ಹೋದ್ರೆ ಅತ್ತೆಗೆ ನೀವು ಉತ್ತರ ಹೇಳ್ತೀರಾ?"

ನಾರಾಯಣಮ್ಮ ಕೊಡೆ ಓರೆ ಮಾಡಿಕೊಂಡು ತನ್ನ ಮನೆಯತ್ತ ನಡೆದಳು.

ಗೂಡು ಕಟ್ಟುವ ಮುನ್ನ ಹುಳುಗಳು ಮೈಯ ನೀರನ್ನೆಲ್ಲ ಬಿಡುತ್ತವೆ. ಆ ಆವಿ ಹೋಗಲು ದಾರಿಯಿಲ್ಲದೆ ನನ್ನ ಒಳಮೈಗೆ ಹತ್ತಿತು, ಹನಿಗಟ್ಟಿತು, ಚಂದ್ರಿಕೆಗಳ ಮೇಲೆ ತೊಟ್ಟಿಕ್ಕಿತು. ಅಯ್ಯೋ, ನನ್ನ ಕಣ್ಣೆದುರೇ ಹುಳುಗಳು ಎಳೆ ಬಿಡುವುದನ್ನು ನಿಲ್ಲಿಸಿ ಕಪ್ಪಿಟ್ಟವು! ಹರಿದಾದರೂ ಹೋಗೋಣವೆಂದರೆ ಹೊಸ ಮೈ, ಒಂದು ತೂತೂ ಬೀಳಲಿಲ್ಲ. ನನ್ನ ಮೇಲೆ ಕವಿದ ಮಂಜನ್ನು ಹೊರಗಿನಿಂದ ನೋಡಿ, "ಒಳಗೆ ಬೆಚ್ಚಗವೆ" ಎಂದು ಸುಗುಣ ನಕ್ಕಳು. ಆ ನಗು ನೋಡಲಾರದೆ ನೋಡಿದೆ.

ಮಳೆ ನಿಂತ ಮೇಲೆ ಬಂದ ಅತ್ತೆಯೇ ಹಗ್ಗ ಬಿಚ್ಚಿದಳು. ಕೊಳೆತ ವಾಸನೆ ಗಪ್ಪೆಂದು ಹೊಡೆಯಿತು. ಕಟ್ಟಿದ್ದ ಗೂಡುಗಳೂ ಅರೆಬರೆ, ಮುಟ್ಟಿದರೆ ಮೆತ್ತಗೆ. ಅವಳು ಬೈಯಲಿಲ್ಲ. "ಚಳಿ ಅಂತ ಮಗೂನ ಮೂಗಿಗೇ ಕಂಬಳಿ ಸುತ್ತಿಬಿಟ್ಯಲ್ಲಮ್ಮಾ" ಎಂದಳು, ಅಷ್ಟೇ. ಸುಗುಣ ಕಪ್ಪಿಟ್ಟ ಹುಳುಗಳನ್ನು ಒಂದೊಂದಾಗಿ ಸೆರಗಿಗೆ ಆಯ್ದುಕೊಳ್ಳತೊಡಗಿದಳು.

ಈಗ ನಾನು ಸೌದೆಯ ಮೇಲಿನ ಹೊದಿಕೆ. ಬಿಸಿಲಿಗೆ ಹಳದಿಯಾಗಿ, ಮುಟ್ಟಿದಲ್ಲೆಲ್ಲ ಚೂರಾಗುತ್ತೇನೆ. ಮೊನ್ನೆ ಮತ್ತೆ ಹುಳ ಹಣ್ಣಾಗತೊಡಗಿದವು. "ಬಾರಮ್ಮಾ, ಈ ಸಲ ಇಬ್ರೂ ನೋಡ್ಕೊಳ್ಳಾನ" ಎಂದು ಅತ್ತೆ ಕರೆದಳು.

"ನಾನು ಮುಟ್ಟಲ್ಲ ಅತ್ತೆ, ನನ್ನ ಕೈ ಒಳ್ಳೇದಲ್ಲ" ಎಂದು ಸುಗುಣ ಸೊಪ್ಪಿನ ಬುಟ್ಟಿಯನ್ನು ಬಾಗಿಲಲ್ಲೇ ಇಟ್ಟು ಬಂದಳು.

ನಿನ್ನ ಕೈ ಚಿನ್ನದಂಥದು ಕಣೇ, ತಿಳಿಯದೆ ಆದದ್ದು ಎನ್ನಬೇಕೆನಿಸಿತು ನನಗೆ. ಪ್ಲಾಸ್ಟಿಕ್ಕಿಗೆ ಎಲ್ಲಿಯ ಬಾಯಿ? ನನ್ನ ಕೆಳಗಿಂದ ನಾಲ್ಕು ಸೌದೆ ಎಳೆದುಕೊಂಡು ಅವಳು ಒಲೆಯ ಕಡೆಗೆ ಹೋದಳು.