ಮೂರು ದಿನದ ಉಪವಾಸ

ನಾನು ಮೀನು ತಿನ್ನುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆದ ಅನಾಹುತದಲ್ಲಿ ಇದರ ಪಾಲೂ ಇದೆ. ಧಾರವಾಡದ ಕಡೆಯಿಂದ ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಂದ ಮನೆತನ ನಮ್ಮದು. ಮನೆಯಲ್ಲಿ ತತ್ತಿಯ ಹೆಸರನ್ನೂ ಎತ್ತುವಂತಿಲ್ಲ. ಅಂಥವಳಿಗೆ ಸಿಕ್ಕಿದ್ದು ಮೀನು ಸಾಕಣೆ ಸಂಶೋಧನೆಯಲ್ಲಿ ಸಹಾಯಕಿಯ ಕೆಲಸ. ಮೀನು ಹಿಡಿಯುತ್ತೇನೆ, ತೂಗುತ್ತೇನೆ, ಸೀಳುತ್ತೇನೆ, ಬೇಯಿಸುತ್ತೇನೆ ಕೂಡ. ಬಾಯಿಗೆ ಮಾತ್ರ ಇಡುವುದಿಲ್ಲ.

"ಶೈಲಶ್ರೀ, ನೀ ಅಂದ್ರ ನೀರಿಗಿಳೀದ ಈಜು ಕಲಸೂ ಮಾಸ್ತರ ಇದ್ದಂಗ ನೋಡು," ಎಂದು ನಮ್ಮ ವಿಜ್ಞಾನಿ ಮಹಾಬಳೇಶ್ವರ ಸರ್ ಕಾಡಿಸುತ್ತಿದ್ದರು.

ಎರಡು ವರ್ಷದ ಪ್ರಯೋಗ ಕಡೆಗೆ ಎರಡು ಹೊಂಡಗಳಿಗೆ ಬಂದು ನಿಂತಿತ್ತು. ಒಂದು ಚಿಗಳ್ಳಿಯ ದುಂಡೇಶನದು, ಇನ್ನೊಂದು ಹಳಿಯಾಳದಾಚೆ ಕಾಡಂಚಿನ ಸಿದ್ದಿಗಳ ಓಣಿಯ ಮಾರ್ಗರೀಟಾಬಾಯಿಯದು. ಎರಡರಲ್ಲೂ ಕಾಟ್ಲಾ ಮೀನು. ತೂಕದಲ್ಲಿ, ಮೇವಿನ ಖರ್ಚಿನಲ್ಲಿ ಇಬ್ಬರೂ ಸರಿಸಮ. ಉಳಿದದ್ದು ರುಚಿ. ಯಾರ ಮೀನಿನಲ್ಲಿ ಮಣ್ಣಿನ ವಾಸನೆ ಇಲ್ಲವೋ ಅವರ ಊರಿಗೆ ಇನ್ನೂ ಹತ್ತು ಹೊಂಡ. ದುಂಡೇಶನಿಗೆ ಗದ್ದೆಯಿದೆ, ಟ್ರ್ಯಾಕ್ಟರ್ ಇದೆ. ಮಾರ್ಗರೀಟಾಬಾಯಿಯ ಓಣಿಯಲ್ಲಿ ಹತ್ತು ಹೆಂಗಸರು ಗೋವಾದ ಕೂಲಿ ಬಿಟ್ಟು ಈ ಹೊಂಡಗಳಿಗಾಗಿ ಕಾದಿದ್ದರು. ಅವರ ಹೆಸರು ಬರೆದುಕೊಂಡವಳು ನಾನೇ. 'ಆಗೇ ಆಗ್ತೈತಿ' ಎಂದು ಮಾತು ಕೊಟ್ಟವಳೂ ನಾನೇ. ನಾಲಿಗೆಗೆ ಎಲುಬಿಲ್ಲವಲ್ಲ!

ವಾಸನೆ ಹೋಗಬೇಕಾದರೆ ಮೀನನ್ನು ಮೂರು ದಿನ ಮೇವಿಲ್ಲದೆ ತೊಟ್ಟಿಯ ಹರಿಯುವ ನೀರಿನಲ್ಲಿ ಇಡಬೇಕು. ಇದನ್ನು ಹೇಳಿದಾಗ ಮಾರ್ಗರೀಟಾಬಾಯಿ ಗಲ್ಲಕ್ಕೆ ಕೈ ಹಚ್ಚಿ ಕೂತಳು.

"ಮೂರ ದಿನಾ ಉಪಾಸ? ಅವೇನ್ ಪಾಪಾ ಮಾಡ್ಯಾವರಿ ಅಕ್ಕೋರ?"

"ಒಂದ ಕಾಳ ಬಿದ್ರೂ ಎಲ್ಲಾ ಕೆಡ್ತೈತಿ. ಹಾಕಬ್ಯಾಡ್ರಿ ಮತ್ತ."

"ಆತ್ರಿ. ನೀವ್ ಅಂದಂಗ."

ಅವಳ ಮುಖ ನೋಡಿ ನನಗೆ ನಂಬಿಕೆ ಬರಲಿಲ್ಲ. ಮನೆಗೆ ಬಂದ ನಾಯಿಯನ್ನೂ ಬರಿಹೊಟ್ಟೆಯಲ್ಲಿ ಕಳಿಸದ ಹೆಂಗಸು ಅವಳು. ಮೂರು ದಿನ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮೀನು ಒಯ್ಯಲು ಹೋದೆ. ಮಾರ್ಗರೀಟಾಬಾಯಿ ತೊಟ್ಟಿಯ ಪಕ್ಕದಲ್ಲೇ ಚಾಪೆ ಹಾಸಿ ಕೂತಿದ್ದಳು. ಬಗ್ಗಿ ನೀರು ನೋಡಿದೆ. ತಳದಲ್ಲಿ ಬೆಳ್ಳಗೆ ಏಳೆಂಟು ಅನ್ನದ ಅಗಳು.

ಸಿಟ್ಟು ನೆತ್ತಿಗೇರಿತು. ಹತ್ತು ಮನೆಯ ಬಾಯಿಗೆ ಮಣ್ಣು ಹಾಕಿದಳಲ್ಲ, ಒಂದು ತುತ್ತಿನ ಮರುಕಕ್ಕೆ! ಬಾಯಿ ತೆರೆದರೆ ಏನೇನು ಅಂದುಬಿಡುತ್ತೇನೋ ಎಂದು ತುಟಿ ಬಿಗಿದುಕೊಂಡು ಮೀನು ತುಂಬಿಸಿದೆ. ಅವಳೂ ಜೊತೆಗೆ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ನಾನು ಅವಳ ಕಡೆ ತಿರುಗಲಿಲ್ಲ.

ಹಳಿಯಾಳದ ಕಚೇರಿಯಲ್ಲಿ ಎರಡೂ ಮೀನನ್ನು ಉಪ್ಪು ಖಾರವಿಲ್ಲದೆ ಹಬೆಯಲ್ಲಿ ಬೇಯಿಸಿದೆ. ತಟ್ಟೆಗಳಿಗೆ ಹೆಸರಿಲ್ಲ, ಬರೀ ಅಂಕಿ. ಯಾವ ಅಂಕಿ ಯಾರದು ಎಂಬ ಚೀಟಿ ಬರೆಯುವವಳು ನಾನು. ಲಕೋಟೆಯಲ್ಲಿ ಮುಚ್ಚಿ ಸರ್ ಕೈಗೆ ಕೊಡಬೇಕು. 742 ಮಾರ್ಗರೀಟಾ, 316 ದುಂಡೇಶ ಎಂದು ಬರೆದಿದ್ದೆ. ಎರಡೂ ತಟ್ಟೆಗೆ ಮೂಗು ಹಿಡಿದೆ. ನನಗೆ ಎರಡೂ ಮೀನಿನ ವಾಸನೆಯೇ. ಕಣ್ಣ ಮುಂದೆ ಮಾತ್ರ ಆ ಅಗಳುಗಳು.

ಚೀಟಿ ಹರಿದು ಇನ್ನೊಂದು ಬರೆದೆ. 742 ದುಂಡೇಶ, 316 ಮಾರ್ಗರೀಟಾ. ದುಂಡೇಶನಿಗೆ ಏನು ಕಡಿಮೆಯಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಲಕೋಟೆ ಅಂಟಿಸಿ ಸರ್ ಕೈಗೆ ಕೊಟ್ಟೆ.

ರುಚಿ ನೋಡಲು ಐದು ಜನ. ಅವರಲ್ಲಿ ದಾಂಡೇಲಿ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಮೀನು ಮಾರಿದ ಸಕ್ಕುಬಾಯಿಯ ಮಾತೆಂದರೆ ಮುಗಿಯಿತು. ಆಕೆ 316ರ ಚೂರು ಬಾಯಿಗಿಟ್ಟು ಥೂ ಎಂದು ಉಗುಳಿದಳು.

"ಬರೇ ಕೆಸರ!"

742 ತಿಂದು ಕಣ್ಣು ಮುಚ್ಚಿದಳು. "ಇದು ಮೀನ ನೋಡ್ರಿ. ಹೊಳಿ ಮೀನಾ ತಿಂದಂಗ ಆತು."

ಉಳಿದ ನಾಲ್ವರೂ ಅದನ್ನೇ ಅಂದರು. ಅಂದರೆ ಗೆದ್ದದ್ದು ಮಾರ್ಗರೀಟಾಬಾಯಿಯ ಮೀನೇ; ಚೀಟಿಯಲ್ಲಿ ಮಾತ್ರ ದುಂಡೇಶನ ಹೆಸರು. ಲಕೋಟೆ ಸರ್ ಜೇಬಿನಲ್ಲಿತ್ತು. ತೆಗೆದರು, ಓದಿದರು, ದುಂಡೇಶನ ಹೆಸರು ಹೇಳಿ ಅವನಿಗೆ ಫೋನು ಹಚ್ಚಲು ಹೊರಗೆ ಹೋದರು. ನಾನು ಉಸಿರೆತ್ತಲಿಲ್ಲ. ಎತ್ತಿದ್ದರೆ ಕೆಲಸ ಹೋಗುತ್ತಿತ್ತು.

ಮಾರ್ಗರೀಟಾಬಾಯಿ ಅಳಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ಉಳಿದಿದ್ದ 742ರ ತಟ್ಟೆ ಹತ್ತಿರಕ್ಕೆಳೆದುಕೊಂಡು ಗಬಗಬ ತಿನ್ನತೊಡಗಿದಳು.

"ತಪ್ಪ ತಿಳೀಬ್ಯಾಡ್ರಿ ಅಕ್ಕೋರ. ಮೂರ ದಿನಾ ಆತು, ಬರೇ ಚಾದ ಮ್ಯಾಲ ಅದೀನಿ. ಅವು ಉಪಾಸ ಇದ್ದಾಗ ನನಗರ ಹೆಂಗ ಕೂಳ ಇಳೀತೈತಿ? ಮಗಳು ಅನ್ನಾ ತಂದ ತಂದ ಇಟ್ಳು. ಎಲ್ಲಾ ಕಾಗಿಗೆ ಚೆಲ್ಲಿದೆ. ತೊಟ್ಟಿ ಕಟ್ಟಿ ಮ್ಯಾಲ ಕುಂತ ತಿಂದ್ವು."

ಇನ್ನೊಂದು ತುತ್ತು ಇಟ್ಟು, ಅಗಿಯುವುದನ್ನು ನಿಲ್ಲಿಸಿದಳು.

"ಇದು ನಂದ ಮೀನಾ ಅನಸ್ತೈತಲ್ರಿ... ಏ, ಇರಲಿಕ್ಕಿಲ್ಲ ಬಿಡ್ರಿ. ದುಂಡೇಶಪ್ಪಾರು ಚಲೋ ಸಾಕ್ಯಾರ."

ನನಗೆ ಇನ್ನು ತಡೆಯಲಾಗಲಿಲ್ಲ. ಅಲ್ಲಿಂದಲೇ ಸರ್ ಅವರನ್ನು ಕೂಗಿ ಕರೆದೆ. ಎಲ್ಲರೆದುರು ಹೇಳಿದೆ: ಅಗಳು ನೋಡಿದ್ದು, ಚೀಟಿ ಬದಲಿಸಿದ್ದು, ಎಲ್ಲ. ಸರ್ ಕೈಯಲ್ಲಿದ್ದ ಚೀಟಿಯನ್ನು ಮಡಚಿದರು.

"ಈ ಪರೀಕ್ಷಾ ಇನ್ನ ನಡಿಯೂದಿಲ್ಲ. ಯಾರಿಗೂ ಹೊಂಡಾ ಇಲ್ಲ ಈ ವರ್ಷ."

ಹತ್ತು ಹೆಂಗಸರ ಒಂದು ವರ್ಷ ಅಲ್ಲಿಗೆ ಹೋಯಿತು. ಮಾರ್ಗರೀಟಾಬಾಯಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿದ್ದೆ.

"ಒಂದ ಮಾತ ಕೇಳಬೇಕಿತ್ತಲ್ರಿ ಅಕ್ಕೋರ," ಎಂದಳು. "ನಾ ಅಲ್ಲೇ ಕುಂತಿದ್ದೆ."