ಎಡಗಾಲು ಮೊದಲು

ನಾನು ಒಂದು ಲೇಜಿಮು. ನೋಡಲು ಚಿಕ್ಕ ಬಿಲ್ಲಿನ ಹಾಗಿದ್ದೇನೆ. ಮೈ ಮರದ್ದು, ಹೆದೆಯ ಜಾಗದಲ್ಲಿ ಕಬ್ಬಿಣದ ಸರಪಳಿ, ಅದರ ತುಂಬ ತಗಡಿನ ಬಿಲ್ಲೆಗಳು. ಮುಟ್ಟಿದರೆ ಸುಮ್ಮನಿರುವುದು ನನ್ನ ಜಾಯಮಾನವೇ ಅಲ್ಲ. ಮಲಪ್ರಭೆಯ ದಂಡೆಯ ನೇಕಾರರ ಊರೊಂದರಲ್ಲಿ ಬಡಿಗ ನನಗೆ ಮೈ ಕೊಟ್ಟ, ಪಕ್ಕದ ಕಮ್ಮಾರ ಬಾಯಿ ಕೊಟ್ಟ. ನನ್ನಂಥ ಒಂದು ಹೊರೆಯನ್ನು ಎತ್ತಿನ ಗಾಡಿಗೆ ಹೇರಿ ಊರ ಶಾಲೆಗೆ ಸಾಗಿಸಿದರು. ನಮ್ಮ ಗದ್ದಲಕ್ಕೆ ಎತ್ತುಗಳು ಬೆದರಿದವು. ಗಾಡಿಯವನು ನಮ್ಮ ಏಳು ತಲೆಮಾರನ್ನೂ ಬೈದ. ಅಂದೇ ಹುಟ್ಟಿದ ನಮಗೆ ತಲೆಮಾರು ಎಲ್ಲಿಂದ ಬರಬೇಕು?

ನನ್ನನ್ನು ಮೊದಲು ಹಿಡಿದವಳು ನಾಲ್ಕನೇ ತರಗತಿಯ ಸಾತವ್ವ. ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸುತ್ತಿ ಆ ಎಳೆಯ ಬೆರಳುಗಳು ಗಟ್ಟಿಯಾಗಿದ್ದವು. ಆಗಸ್ಟ್ ಹದಿನೈದರ ಕವಾಯತಿಗೆ ಮಾಸ್ತರರು ಹುಡುಗಿಯರ ಸಾಲು ಕಟ್ಟಿದಾಗ ಅವಳೇ ಮುಂದಾಳು. ಅವಳು ಕುಣಿದರೆ ನನ್ನ ಒಂದು ಬಿಲ್ಲೆಯೂ ತಾಳ ತಪ್ಪುತ್ತಿರಲಿಲ್ಲ. ಆದರೆ ಹಬ್ಬದ ಹಿಂದಿನ ದಿನ ಅವಳ ಅಪ್ಪ ಬಂದ. ಮದುವೆ ಗೊತ್ತಾಗಿತ್ತು. ಸಾತವ್ವ ನನ್ನನ್ನು ಲಂಗದ ಅಂಚಿನಿಂದ ಒರೆಸಿ, ಮಾಸ್ತರರ ಕೈಗೆ ಕೊಟ್ಟು, ಅಪ್ಪನ ಹಿಂದೆ ಹೊರಟುಹೋದಳು. ಮರುದಿನ ಬೇರೆ ಹುಡುಗಿ ನನ್ನನ್ನು ಆಡಿಸಿದಳು. ನನಗೆ ಆ ದಿನ ಮನಸ್ಸೇ ಇರಲಿಲ್ಲ.

ಆಮೇಲೆ ಎಷ್ಟೋ ಕೈಗಳು ಬಂದವು. ಗಂಡುಹುಡುಗರು ನಾಟಕದಲ್ಲಿ ನನ್ನನ್ನು ಬಿಲ್ಲು ಮಾಡಿದರು. ಕ್ರಮೇಣ ಕವಾಯತು ನಿಂತುಹೋಯಿತು. ಕೊನೆಗೆ ಸಾಮಾನು ಕೋಣೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಕೊಂಡಿಗೆ ಸಿಕ್ಕಿಸಲು ನಾನೇ ಆಗಬೇಕೇ? ಆನೆ ಮುದಿಯಾದರೂ ಆನೆಯೇ ಎಂದುಕೊಂಡು ತುಕ್ಕು ಹಿಡಿಯುತ್ತ ಇದ್ದೆ.

ಶಾಲೆಗೆ ಹೊಸ ಮುಖ್ಯೋಪಾಧ್ಯಾಯಿನಿ, ಊರವರ ಬಾಯಲ್ಲಿ ಹೆಡ್‌ಬಾಯಿಯವರು, ಬಂದ ಮೇಲೆ ಒಂದು ಕಟ್ಟಳೆ ಮಾಡಿದರು. ಪ್ರತಿ ಮಗುವೂ ಈ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರನ್ನು ಹುಡುಕಬೇಕು, ಅವರಿಂದ ಏನಾದರೂ ಕಲಿತು ವಾರ್ಷಿಕೋತ್ಸವದಲ್ಲಿ ತೋರಿಸಬೇಕು. ಗಂಡುಹುಡುಗರೆಲ್ಲ ಲೇಜಿಮು ಕಲಿಯಲು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಗುರುಸಿದ್ದಪ್ಪನವರ ಮನೆಗೆ ಓಡಿದರು. ಕಲ್ಲಿನ ಕ್ವಾರಿ ಕೆಲಸಕ್ಕೆಂದು ಹೊಸದಾಗಿ ಊರಿಗೆ ಬಂದವರ ಮಗಳು ತಹಸೀನಳಿಗೆ ಯಾರ ಪರಿಚಯವೂ ಇರಲಿಲ್ಲ. ಅವಳು ನನ್ನನ್ನು ಕೊಂಡಿಯಿಂದ ಕಿತ್ತು, ತನ್ನ ಓಣಿಗೆ ಒಯ್ದು, ಕೂಸಿನ ಗಿಲಕಿಯ ಹಾಗೆ ಅಲ್ಲಾಡಿಸಿದಳು.

"ಹಂಗ ಹಿಡಿಯಂಗಿಲ್ಲ ಬೇ. ತಾ ಇಲ್ಲೆ."

ಎದುರು ಮನೆಯ ಹೊಸ್ತಿಲಿನಿಂದ ಮುದುಕಿಯೊಬ್ಬಳು ಕೈ ಚಾಚಿದಳು. ಬೆರಳು ತಾಗಿದ ಕೂಡಲೇ ನನಗೆ ಗೊತ್ತಾಯಿತು. ಗಂಡ ತೀರಿದ ಮೇಲೆ ಸಾತವ್ವ ತವರಿಗೆ ಮರಳಿದ್ದಳು. ಅವಳಿಗೆ ನಾನು ಗುರುತಾದೆನೋ ಇಲ್ಲವೋ, ನಾನಂತೂ ತುಕ್ಕು ಮರೆತು ಕುಣಿದೆ.

ಅಂದಿನಿಂದ ಸಂಜೆಯಾದರೆ ಇಬ್ಬರೂ ಎದುರುಬದುರು ನಿಲ್ಲುತ್ತಿದ್ದರು. ಅಲ್ಲಿ ಕಲಿತದ್ದನ್ನು ತಹಸೀನ್ ಮರುದಿನ ಶಾಲೆಯ ಹುಡುಗಿಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುತ್ತಿದ್ದಳು.

"ಆಯಿ, ನೀವು ನಮ್ಮ ಸಾಲ್ಯಾಗ ಕಲ್ತವ್ರಲ್ಲ, ಕಾರ್ಯಕ್ರಮಕ್ಕ ಬರ್ರಿ," ಎಂದಳು ಒಂದು ದಿನ.

"ಹಳೇ ವಿದ್ಯಾರ್ಥಿ ಅಂದ್ರ ಪಾಸಾದವ್ರು. ನಾ ಅರ್ಧಕ್ಕ ಬಿಟ್ಟಾಕಿ. ಅಲ್ಲಿ ನಿಂತು ಏನಂತ ಹೇಳ್ಲಿ? ನನ್ನ ಹೆಸರು ಎತ್ತಬ್ಯಾಡ, ಮಾತು ಕೊಡು."

ತಹಸೀನ್ ಮಾತು ಕೊಟ್ಟಳು. ನನಗೆ ಸಿಟ್ಟು ಬಂತು. ಆದರೆ ಲೇಜಿಮಿನ ಸಿಟ್ಟನ್ನು ಕೇಳುವವರು ಯಾರು?

ವಾರ್ಷಿಕೋತ್ಸವದ ದಿನ ವೇದಿಕೆಯ ಮೇಲೆ ಹಳೆಯ ವಿದ್ಯಾರ್ಥಿಗಳಾದ ಹಿರಿಯರು ಕುಳಿತಿದ್ದರು. ಸಾತವ್ವ ಮಾತ್ರ ತಲೆತುಂಬ ಸೆರಗು ಹೊದ್ದು ಕಂಪೌಂಡಿನ ಗೋಡೆಗೆ ಒರಗಿ ನಿಂತಿದ್ದಳು. ಹುಡುಗರ ಸಾಲು, ಹುಡುಗಿಯರ ಸಾಲು ಒಂದರೊಳಗೊಂದು ಹಾದುಹೋಗಬೇಕಿತ್ತು. ಹಲಗೆಯ ಬಡಿತ ಶುರುವಾಯಿತು. ಹುಡುಗರು ಎಡಗಾಲು ಎತ್ತಿದರು, ಹುಡುಗಿಯರು ಬಲಗಾಲು ಎತ್ತಿದರು. ಸಾಲುಗಳು ಡಿಕ್ಕಿ ಹೊಡೆದು, ನನ್ನ ಸರಪಳಿ ಯಾವುದೋ ಹುಡುಗನ ಲೇಜಿಮಿಗೆ ಸಿಕ್ಕಿಕೊಂಡಿತು. ಜನ ಗೊಳ್ಳೆಂದು ನಕ್ಕರು.

ಗುರುಸಿದ್ದಪ್ಪನವರು ಮೈಕು ಹಿಡಿದರು. "ಎಡಗಾಲು ಮೊದಲು ಅನ್ನೂದು ಗೊತ್ತಿಲ್ಲಲ್ಲ. ಈ ಹುಡುಗ್ಯಾರಿಗೆ ಯಾರು ಕಲಿಸ್ಯಾರ?"

ಎಲ್ಲರೂ ತಹಸೀನಳನ್ನೇ ನೋಡಿದರು. ಕೊಟ್ಟ ಮಾತಿಗೆ ಕಟ್ಟುಬಿದ್ದು ಅವಳು ಬಾಯಿ ಬಿಡಲಿಲ್ಲ. ಅವಳ ಕಣ್ಣೀರು ನನ್ನ ಹಿಡಿಕೆಯ ಮೇಲೆ ಬಿತ್ತು. ಸಾತವ್ವ ಅಲ್ಲಿಂದಲೇ ಮನೆಗೆ ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೋಗಬೇಡ, ಹೋಗಬೇಡ ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು.

ಅವಳು ಗೋಡೆ ಬಿಟ್ಟು ಮೈದಾನದ ನಡುವೆ ಬಂದಳು.

"ನಾ ಕಲಿಸೀನ್ರಿ. ಹುಡುಗೀದು ತಪ್ಪಿಲ್ಲ. ಎದುರಿಗೆ ನಿಂತು ಕಲಿಸಿಬಿಟ್ಟೆ. ನನ್ನ ಎಡಗಾಲು ನೋಡಿ ಆಕಿ ಬಲಗಾಲು ಎತ್ತೂದು ಕಲ್ತಾಳ."

"ನೀವು ಯಾವ ವರ್ಷದ ವಿದ್ಯಾರ್ಥಿ ಅಮ್ಮಾ?" ಹೆಡ್‌ಬಾಯಿಯವರು ಮೆತ್ತಗೆ ಕೇಳಿದರು.

ಸಾತವ್ವ ತಲೆಯ ಸೆರಗನ್ನು ಹಿಂದಕ್ಕೆ ಸರಿಸಿದಳು. "ವರ್ಷ ಗೊತ್ತಿಲ್ರಿ. ನಾಕನೇತ್ತಾ ಅರ್ಧಕ್ಕ ಬಿಟ್ಟೀನಿ. ಆದ್ರ ಇದ ಸಾಲಿಯಾಕಿ."

ಯಾರೂ ನಗಲಿಲ್ಲ. ಗುರುಸಿದ್ದಪ್ಪನವರು ತಮ್ಮ ಕುರ್ಚಿ ಬಿಟ್ಟು ಎದ್ದು, "ಬರ್ರಿ ತಂಗಿ, ಕುಂದರ್ರಿ" ಎಂದರು.

"ಕುಂದ್ರೂದು ಆಮ್ಯಾಲ್ರಿ," ಎಂದು ಸಾತವ್ವ ಸೆರಗು ಸಿಕ್ಕಿಸಿ ನನ್ನನ್ನು ಕೈಗೆ ತೆಗೆದುಕೊಂಡಳು. ಈ ಸಲ ಹುಡುಗಿಯರಿಗೆ ಬೆನ್ನು ಮಾಡಿ, ಅಷ್ಟೂ ಜನರಿಗೆ ಮುಖ ಕೊಟ್ಟು ನಿಂತು, ಎಡಗಾಲು ಎತ್ತಿದಳು. ಇಡೀ ಸಾಲು ಅವಳ ಹಿಂದೆ ಎಡಗಾಲು ಎತ್ತಿತು. ನನ್ನ ಜನ್ಮ ಸಾರ್ಥಕವಾಯಿತು.

ಈಗ ನಾಲ್ಕನೇ ತರಗತಿಯ ಗೋಡೆಯ ಮೊಳೆಗೆ ತೂಗುತ್ತಿದ್ದೇನೆ. ಅರ್ಧ ಬಿಲ್ಲೆಗಳು ಉದುರಿವೆ, ದನಿ ಒಡೆದಿದೆ. ಶನಿವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಮಕ್ಕಳಿಗೆ ಲೇಜಿಮು ಕಲಿಸಲು ಸಾತವ್ವ ಬರುತ್ತಾಳೆ. ಮೊನ್ನೆ ಗೇಟಿನಲ್ಲಿ ಹೊಸ ಮಾಸ್ತರರೊಬ್ಬರು ತಡೆದು, "ಯಾವ ಹುಡುಗೀನ ಕರ್ಕೊಂಡು ಹೋಗಾಕ ಬಂದೀರಿ ಅಜ್ಜಿ?" ಎಂದು ಕೇಳಿದರು.

"ಯಾರ್ನೂ ಕರ್ಕೊಂಡು ಹೋಗಾಕ ಬಂದಿಲ್ಲರಿ," ಎಂದಳು ಅವಳು. "ನಾ ಸಾಲಿಗೆ ಬಂದೀನಿ."